ಗುದ್ದಮ್ಮನ ರಕ್ತ

ಇಸ್ತ್ರಿಯಕ್ಕ ಯಾವುದನ್ನೂ ಒಂದೇ ಸಲಕ್ಕೆ ನಂಬುವ ಹೆಂಗಸಲ್ಲ. ಅಂಗಿಯ ಕಾಲರಿಗೆ ಇಸ್ತ್ರಿ ಆಡಿಸಿ, ಮಡಿಸಿ, ಗಂಟು ಕಟ್ಟಿಟ್ಟ ಮೇಲೂ ಮನಸ್ಸು ತಡೆಯದೆ ಗಂಟು ಬಿಚ್ಚಿ ಇನ್ನೊಂದು ಸಲ ಆಡಿಸುವಳು. ಗ್ಯಾಸ್ ಆರಿಸಿ ಬೀದಿಯ ತಿರುವಿನವರೆಗೆ ಹೋದವಳು ವಾಪಸು ಬಂದು ನೋಡುವಳು. ಬೀಗ ಹಾಕಿ ತಾನು ಜಗ್ಗಿದ್ದು ಸಾಲದೆಂದು ಗಂಡನ ಕೈಯಲ್ಲೂ ಜಗ್ಗಿಸುವಳು. ಗಂಡ ಲಿಫ್ಟ್ ರಿಪೇರಿಯವನು. ಜನರ ಪ್ರಾಣ ಹಗ್ಗದ ಮೇಲೆ ತೂಗುವುದನ್ನು ದಿನಾ ನೋಡುವವನಾದ್ದರಿಂದ, ಹೆಂಡತಿಯ ಈ 'ಇನ್ನೊಂದು ಸಲ'ವನ್ನು ತಮಾಷೆ ಮಾಡುತ್ತಲೇ ಒಪ್ಪಿಕೊಂಡಿದ್ದ. ಅತ್ತೆಗೆ ಮಾತ್ರ ಅದು ನಗುವಿನ ವಸ್ತು. ನನ್ನ ಸೊಸೆ ತನ್ನ ನೆರಳನ್ನೂ ಎರಡು ಸಲ ಎಣಿಸ್ತಾಳೆ ಎಂದು ಬಂದವರ ಮುಂದೆಲ್ಲ ಹೇಳುವಳು.

ಮನೆ ಎಂದರೆ ಮುಂದೊಂದು ಕೋಣೆ, ಅದೇ ಇಸ್ತ್ರಿ ಅಂಗಡಿ. ಅದರ ಹಿಂದೆ ಅಡುಗೆಮನೆ, ಮಲಗುವ ಕೋಣೆ, ಅದರಾಚೆ ಬಟ್ಟೆ ಒಣಗಿಸುವ ಹಿತ್ತಲು. ಹಿತ್ತಲಲ್ಲಿ ತಂತಿಯ ಪಕ್ಕದಲ್ಲೇ ಆಳುದ್ದದ ಒಂದು ಚರ್ಮದ ಚೀಲ ನೇತಾಡುತ್ತಿತ್ತು. ಬೆಳಿಗ್ಗೆ ಸಂಜೆ ಅದಕ್ಕೆ ಧಬಧಬ ಗುದ್ದು ಬೀಳುತ್ತಿತ್ತು. ಗುದ್ದುವವಳು ಮನೆಯ ಒಬ್ಬಳೇ ಮಗಳು, ಇಪ್ಪತ್ತೆರಡರ ಹುಡುಗಿ, ಬಾಕ್ಸರ್. ಅಪ್ಪ ಇಟ್ಟ ಅಡ್ಡಹೆಸರು ಗುದ್ದಮ್ಮ. ಶಾಲೆಯಲ್ಲಿ ಬರೆಸಿದ ಹೆಸರು ಬೇರೆಯಿತ್ತು, ಆದರೆ ಆ ಹೆಸರು ಹಿಡಿದುಕೊಂಡು ಬೀದಿಯಲ್ಲಿ ವಿಚಾರಿಸಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ.

ಅತ್ತೆಗೆ ಮೊಮ್ಮಗಳ ಆಟವೆಂದರೆ ಪ್ರಾಣ. ಹಲ್ಲಿಲ್ಲದ ಬಾಯಲ್ಲಿ ಬ್ರೆಡ್ಡು ನೆನೆಸಿ ತಿನ್ನುತ್ತಾ, ಮೊಬೈಲಿನಲ್ಲಿ ಯಾರ್ಯಾರದೋ ಪಂದ್ಯ ನೋಡಿ, ಹಾಕು ಅವಳ ಮೂತಿಗೆ ಎನ್ನುವ ಮುದುಕಿ ಅವಳು. ಇಸ್ತ್ರಿಯಕ್ಕನಿಗೆ ಇದೆಲ್ಲ ಕಂಡರಾಗದು. ಹೆತ್ತು ಹೊತ್ತು ಸಾಕಿದ ಮುಖವನ್ನು ಇನ್ನೊಬ್ಬಳ ಗುದ್ದಿಗೆ ಒಡ್ಡುವುದು ಯಾವ ಸೀಮೆಯ ಆಟ ಎಂದು ಗೊಣಗುತ್ತಲೇ ಮೊಟ್ಟೆ ಬೇಯಿಸುವಳು, ಬೇಳೆ ಬಡಿಸುವಳು, ಪಂದ್ಯದ ದಿನ ತಲೆಗವಚದೊಳಗೆ ಕೂದಲು ಸರಿಯದಂತೆ ಬಿಗಿಯಾಗಿ ಸಣ್ಣ ಸಣ್ಣ ಜಡೆ ಹೆಣೆದು ಕಳಿಸುವಳು. ಆದರೆ ಒಂದು ಪಂದ್ಯಕ್ಕೂ ಹೋಗಿ ಕೂತವಳಲ್ಲ.

ಆ ವರ್ಷ ಮುಖ್ಯ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಆಡುವವರೆಲ್ಲ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕೆಂದು ಸಂಘದ ನಿಯಮ. ರಕ್ತ ಕೊಟ್ಟು ಬಂದ ಕೆಲವು ದಿನಕ್ಕೆ, ಮಧ್ಯಾಹ್ನದ ಹೊತ್ತು, ಗುದ್ದಮ್ಮನ ಜೊತೆ ಅವಳ ಕೋಚ್ ಮೇಡಂ ಅಂಗಡಿಯೊಳಗೆ ಬಂದರು. ಹುಡುಗಿಯ ಮುಖ ಊದಿಕೊಂಡಿತ್ತು, ಏಟು ತಿಂದು ಅಲ್ಲ, ಅತ್ತು. ಇಸ್ತ್ರಿಯಕ್ಕ ಒಬ್ಬ ನರ್ಸಿನ ಬಿಳಿ ಕೋಟು ಉಜ್ಜುತ್ತಿದ್ದವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಸ್ವಿಚ್ ಆರಿಸಿ, ಆರಿತೋ ಇಲ್ಲವೋ ಇನ್ನೊಮ್ಮೆ ನೋಡಿ, ಆಮೇಲೆ ಕೂತಳು.

ಮೇಡಂ ನಿಧಾನವಾಗಿ ಹೇಳಿದರು. ರಕ್ತದಲ್ಲಿ ಹೆಪಟೈಟಿಸ್ ಸಿ ಅನ್ನೋ ವೈರಸ್ ಸಿಕ್ಕಿದೆ. ಅದು ಯಕೃತ್ತಿನಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಕೂತಿರುತ್ತದೆ. ಎರಡನೇ ಪರೀಕ್ಷೆಯಲ್ಲೂ ಖಚಿತವಾಗಿದೆ. ಅದು ರಕ್ತದಿಂದ ರಕ್ತಕ್ಕೆ ಹರಡುವುದರಿಂದ, ಹೋಗುವವರೆಗೆ ರಿಂಗಿನೊಳಗೆ ಕಾಲಿಡುವ ಹಾಗಿಲ್ಲ.

ಇಸ್ತ್ರಿಯಕ್ಕನ ಬಾಯಿಂದ ಬಂದದ್ದು ಭಯವಲ್ಲ, ಸಿಟ್ಟು.

"ಬಡ್ಕೊಂಡೆ ನಾನು. ಅವಳಿವಳ ರಕ್ತ ಮುಖಕ್ಕೆ ಬಳ್ಕೊಂಡು ಬರ್ಬೇಡ ಅಂತ ಬಡ್ಕೊಂಡೆ. ಈಗ ನೆಮ್ಮದಿ ಆಯ್ತಾ ಎಲ್ಲರಿಗೂ?"

"ಅಮ್ಮ, ರಿಂಗಿಂದ ಬಂದಿದ್ದು ಅಂತ ಯಾರು ಹೇಳಿದ್ರು ನಿಂಗೆ?"

"ಮತ್ತೆ ನನ್ನ ಅಡುಗೆಮನೆಯಿಂದ ಬಂತಾ?"

ಮುದುಕಿ ಒಳಗಿನಿಂದಲೇ, ಮೊದಲು ಆ ಮೇಡಂಗೆ ನೀರು ಕೊಡ್ರೇ, ಆಮೇಲೆ ಕಿತ್ತಾಡಿ ಎಂದು ಕೂಗಿದಳು.

ಅಂದಿನಿಂದ ಆ ಮನೆಯಲ್ಲಿ ಊಟವೆಂದರೆ ಜಗಳ. ಇಸ್ತ್ರಿಯಕ್ಕ ಚೀಲವನ್ನು ಬಿಚ್ಚಿ ಮಂಚದಡಿ ತಳ್ಳಿದಳು, ಮಗಳು ಎಳೆದು ತಂದು ಮತ್ತೆ ನೇತುಹಾಕಿದಳು. ತಾಯಿ ಮಗಳ ತಟ್ಟೆ ಬೇರೆ ಮಾಡಿದಳು, ಲೋಟ ಬೇರೆ ಮಾಡಿದಳು, ಬಟ್ಟೆ ನೆನೆಸುವ ಬಕೆಟ್ಟೂ ಬೇರೆ. ಗುದ್ದಮ್ಮ ಆ ಲೋಟದಲ್ಲಿ ಹಾಲು ಕುಡಿದು ಎದ್ದು ಹೋದಳು. ಮುದುಕಿ ಆ ಖಾಲಿ ಲೋಟವನ್ನು ತೊಳೆಯದೆ ಎಳೆದುಕೊಂಡು, ಅದಕ್ಕೇ ತನ್ನ ಚಹಾ ಬಗ್ಗಿಸಿಕೊಂಡು, ಸೊಸೆಯ ಮುಖವನ್ನೇ ನೋಡುತ್ತಾ ಸೊರ್ ಸೊರ್ ಎಂದು ಕುಡಿದಳು. ಇಸ್ತ್ರಿಯಕ್ಕನಿಗೆ ಅಳುವುದೋ ಕೂಗಾಡುವುದೋ ತಿಳಿಯಲಿಲ್ಲ. ಗಂಡ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ.

ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ್ದೇ ಬೇರೆ. ತಟ್ಟೆ ಲೋಟ ಬೇರೆ ಮಾಡಿದ್ದು ಯಾಕೆ, ಎಂಜಲಿನಿಂದ, ಅಪ್ಪಿಕೊಂಡರೆ, ಒಂದೇ ಕಡೆ ಉಂಡರೆ ಇದು ಬರುವುದಿಲ್ಲ ಎಂದರು. ರಕ್ತ ತಾಗುವ ವಸ್ತು, ಬ್ಲೇಡು, ಉಗುರು ಕತ್ತರಿಸುವುದು, ಹಲ್ಲುಜ್ಜುವ ಬ್ರಷ್ಷು, ಇಷ್ಟು ಬೇರೆ ಇದ್ದರೆ ಸಾಕು. ಆಮೇಲೆ ಮನೆಯವರೆಲ್ಲ ಒಮ್ಮೆ ರಕ್ತ ಕೊಟ್ಟು ಹೋಗಿ ಎಂದರು. ಇಸ್ತ್ರಿಯಕ್ಕ ತೋಳು ಚಾಚುವಾಗಲೂ ಗೊಣಗುತ್ತಿದ್ದಳು, ಆಡಿದವಳು ಅವಳು, ಚುಚ್ಚಿಸಿಕೊಳ್ಳುವವರು ನಾವು ಎಂದು.

ಗಂಡನಿಗೆ ಇಲ್ಲ. ಎಪ್ಪತ್ತು ದಾಟಿದ ಅತ್ತೆಗೂ ಇಲ್ಲ. ಇಸ್ತ್ರಿಯಕ್ಕನಿಗೆ ಇತ್ತು.

ಡಾಕ್ಟರಮ್ಮ ಯಾವಾಗಲಾದರೂ ಆಪರೇಷನ್ ಆಗಿತ್ತಾ, ರಕ್ತ ಕೊಡಿಸಿದ್ದರಾ ಎಂದು ಕೇಳಿದರು. ಇಸ್ತ್ರಿಯಕ್ಕ ಇಲ್ಲವೆಂದು ತಲೆಯಾಡಿಸುವಷ್ಟರಲ್ಲಿ ಮುದುಕಿ ಬಾಯಿ ಹಾಕಿದಳು. ಮೊದಲನೆಯ ಬಸಿರು ನಿಲ್ಲದೆ ಹೋದಾಗ ಮೈಯಲ್ಲಿದ್ದ ರಕ್ತವೆಲ್ಲ ಹರಿದು ಹೋಗಿತ್ತು, ಹಾಸಿಗೆಯ ಮೇಲೆ ಬಿಳಿಚಿಕೊಂಡು ಮಲಗಿದ್ದಳು, ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಗುದ್ದಮ್ಮ ಹುಟ್ಟಿದ್ದು ಅದಾದ ಮೇಲೆ. ಡಾಕ್ಟರಮ್ಮ ತಲೆಯಾಡಿಸಿ, ಆ ಕಾಲಕ್ಕೆ ರಕ್ತದಲ್ಲಿ ಇದನ್ನು ಹುಡುಕುವ ಪದ್ಧತಿ ಎಲ್ಲ ಕಡೆ ಇರಲಿಲ್ಲ, ಅಲ್ಲಿಂದ ಬಂದಿರಬಹುದು, ಬಸಿರಿನಲ್ಲಿ ಮಗುವಿಗೂ ದಾಟಿರಬಹುದು, ಹಾಗಾಗುವುದು ಅಪರೂಪ, ಆದರೆ ಆಗುತ್ತದೆ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಇಸ್ತ್ರಿಯಕ್ಕನನ್ನು ಇಷ್ಟು ದಿನ ರಿಂಗನ್ನು ಬೈದದ್ದು, ಮೇಡಂ ಮುಖದ ಮೇಲೆ ಆಡಿದ್ದು, ಲೋಟ ಎತ್ತಿಟ್ಟದ್ದು ಒಂದೊಂದೇ ಎದ್ದು ಬಂದು ಚುಚ್ಚಿದವು. ಮನೆಗೆ ಬಂದವಳು ಸೀದಾ ಅಡುಗೆಮನೆಗೆ ಹೋಗಿ, ಮಗಳ ತಟ್ಟೆ ಲೋಟ ತಂದು ಎಲ್ಲದರ ಜೊತೆ ಜೋಡಿಸಿದಳು. ಹಿಂದಿನಿಂದ ಬಂದ ಗುದ್ದಮ್ಮ ಬಾಗಿಲಿಗೆ ಒರಗಿ ನಿಂತಳು.

"ನಿನ್ನ ಅಡುಗೆಮನೆಯಿಂದಾನೇ ಬಂತು ನೋಡು."

ಇಸ್ತ್ರಿಯಕ್ಕನ ಕಣ್ಣು ತುಂಬಿತು. ಮಗಳು ನಕ್ಕುಬಿಟ್ಟಳು, ಹತ್ತಿರ ಬಂದು ತಾಯಿಯ ಹೊಟ್ಟೆಗೆ ಮೆಲ್ಲಗೆ ಒಂದು ಗುದ್ದು ಕೊಟ್ಟಳು. ಮುದುಕಿ ಹೊಸಿಲ ಮೇಲೆ ಕೂತುಕೊಂಡು ಇಬ್ಬರಿಗೂ ಕೇಳುವಂತೆ ಹೇಳಿದಳು.

"ಆ ಎರಡು ಬಾಟಲಿ ಇಲ್ದಿದ್ರೆ ನೀನೂ ಇಲ್ಲ, ಈ ಗುದ್ದಮ್ಮನೂ ಇಲ್ಲ. ಅಳೋದು ಬಿಟ್ಟು ಮಾತ್ರೆ ನುಂಗ್ರಿ."

ಮಾತ್ರೆ ಎಂದರೆ ದಿನಕ್ಕೊಂದು, ಹನ್ನೆರಡು ವಾರ. ಸೂಜಿಯಿಲ್ಲ, ಆಸ್ಪತ್ರೆ ವಾಸವಿಲ್ಲ. ಇಷ್ಟೇನಾ ಎಂದು ಇಸ್ತ್ರಿಯಕ್ಕ ಎರಡು ಸಲ ಕೇಳಿದ್ದಳು, ಇಷ್ಟೇ ಎಂದು ಡಾಕ್ಟರಮ್ಮ ಎರಡು ಸಲವೂ ಹೇಳಿದ್ದರು. ಹಿಂದೆಲ್ಲ ವರ್ಷಗಟ್ಟಲೆ ಚುಚ್ಚಿಸಿಕೊಂಡು ಜ್ವರದಲ್ಲಿ ನರಳಬೇಕಿತ್ತು, ಈಗ ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ವಾಸಿಯಾಗುತ್ತದೆ ಎಂದೂ ಹೇಳಿದ್ದರು. ಮಾತ್ರೆ ಸರ್ಕಾರದ ಔಷಧಿ ಕೌಂಟರಿನಲ್ಲೇ ಸಿಕ್ಕಿತು.

ಅಲ್ಲಿಂದ ಮನೆಯ ಗಾಳಿಯೇ ಬದಲಾಯಿತು. ಬೆಳಿಗ್ಗೆ ಗುದ್ದಮ್ಮ ಓಡಿ ಬೆವರು ಸುರಿಸುತ್ತಾ ಬರುವ ಹೊತ್ತಿಗೆ ಎರಡು ಲೋಟ ನೀರು, ಎರಡು ಮಾತ್ರೆ ಇಸ್ತ್ರಿ ಮೇಜಿನ ಮೇಲೆ ಕಾದಿರುತ್ತಿದ್ದವು. ಒಂದು, ಎರಡು, ಮೂರು ಎಂದು ಮುದುಕಿ ಎಣಿಸಬೇಕು, ತಾಯಿ ಮಗಳು ಒಟ್ಟಿಗೆ ನುಂಗಬೇಕು, ಮೊದಲು ಲೋಟ ಕೆಳಗಿಟ್ಟವರು ಗೆದ್ದಂತೆ. ಸೋತವರು ಆವತ್ತು ಪಾತ್ರೆ ತೊಳೆಯಬೇಕು. ಇಸ್ತ್ರಿಯಕ್ಕ ಸೋತದ್ದೇ ಹೆಚ್ಚು, ಯಾಕೆಂದರೆ ನುಂಗಿದ ಮೇಲೂ ನಾಲಿಗೆಯಡಿ ಉಳಿದಿದೆಯೋ ಎಂದು ಇನ್ನೊಂದು ಗುಟುಕು ಕುಡಿಯುವಳು.

ಮಧ್ಯೆ ಒಂದು ಗಲಾಟೆಯೂ ಆಯಿತು. ಇಸ್ತ್ರಿಯಕ್ಕನಿಗೆ ಎದೆಯುರಿ ಹಳೆಯದು, ಖಾಲಿ ಹೊಟ್ಟೆಗೆ ಚಹಾ ಕುಡಿದು ಕುಡಿದು ಬಂದದ್ದು. ಡಾಕ್ಟರಮ್ಮ ಎದೆಯುರಿ ಮಾತ್ರೆ ನುಂಗಿದರೆ ಈ ಔಷಧಿ ಮೈಗೆ ಹತ್ತುವುದಿಲ್ಲ, ನನ್ನನ್ನು ಕೇಳದೆ ಮುಟ್ಟಬೇಡಿ ಎಂದು ಒತ್ತಿ ಹೇಳಿದ್ದರು. ಆದರೂ ಒಂದು ಸಂಜೆ ಗಂಡ ಹೆಂಡತಿಯ ಒದ್ದಾಟ ನೋಡಲಾರದೆ ಡಬ್ಬಿಯಿಂದ ಒಂದು ತೆಗೆದು ಕೊಟ್ಟ. ಮುದುಕಿ ಅದನ್ನು ಅವನ ಕೈಯಿಂದ ಕಿತ್ತು ಬಚ್ಚಲಿಗೆ ಎಸೆದಳು. ಹೆಂಡತಿ ಮೇಲೆ ಅಷ್ಟು ಪ್ರೀತಿ ಇದ್ದರೆ ಅವಳ ಚಹಾ ನೀನು ಕುಡಿ ಎಂದಳು. ಚಹಾ ನಿಂತಿತು. ಒಂದು ವಾರ ಇಸ್ತ್ರಿಯಕ್ಕ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಓಡಾಡಿದಳು, ಆಮೇಲೆ ಎದೆಯುರಿಯೂ ನಿಂತಿತು.

ಮಾತ್ರೆ ಮುಗಿದವು. ಆಮೇಲೆ ಇನ್ನೂ ಹನ್ನೆರಡು ವಾರ ಕಾದು ಕೊನೆಯ ಪರೀಕ್ಷೆ. ಗುದ್ದಮ್ಮ ಅಷ್ಟು ದಿನವೂ ಎದುರಾಳಿಯಿಲ್ಲದೆ ಚೀಲಕ್ಕೇ ಗುದ್ದಿದಳು. ತಾಯಿ ಅಡುಗೆಮನೆ ಕಿಟಕಿಯಿಂದ ನೋಡುತ್ತಲೇ ಇರುವಳು, ನೋಡಿಲ್ಲ ಎನ್ನುವಳು.

ಕೊನೆಗೂ ಡಾಕ್ಟರಮ್ಮ ಕರೆದು ಹೇಳಿದರು, ಇಬ್ಬರ ರಕ್ತದಲ್ಲೂ ವೈರಸ್ ಸಿಕ್ಕಿಲ್ಲ, ವಾಸಿಯಾಯಿತು, ಸಂಘಕ್ಕೂ ಹಾಗೇ ತಿಳಿಸುತ್ತೇನೆ ಎಂದು. ಗುದ್ದಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಣಿದಳು. ಅಪ್ಪ ಕೆಲಸ ಬಿಟ್ಟು ಕೇಕು ತಂದ, ಯಾಕೆಂದು ಹೇಳದೆ ಬೀದಿಯವರಿಗೆಲ್ಲ ಹಂಚಿದ. ಆಯ್ಕೆಯಲ್ಲಿ ಒಂದು ಜಾಗ ಇನ್ನೂ ತೀರ್ಮಾನವಾಗಿರಲಿಲ್ಲ, ಒಂದೇ ಪಂದ್ಯ, ಬರುವ ಭಾನುವಾರ, ಗೆದ್ದವಳು ತಂಡಕ್ಕೆ. ಕೋಚ್ ಮೇಡಂ ಫೋನಿನಲ್ಲಿ ಹೇಳುತ್ತಿದ್ದಂತೆ ಹುಡುಗಿ ಅಜ್ಜಿಯನ್ನು ಅನಾಮತ್ತಾಗಿ ಎತ್ತಿ ಹಿತ್ತಲಲ್ಲಿ ಒಂದು ಸುತ್ತು ಬಂದಳು. ಇಳಿಸಿದ ಮೇಲೆ ಮುದುಕಿ ಉಸಿರು ತಿರುಗಿಸಿಕೊಳ್ಳುತ್ತಾ ತಮಾಷೆಗೆ ಒಂದು ಮಾತು ಆಡಿದಳು.

"ಸಿಕ್ಕಿಲ್ಲ ಅಂತಾರಲ್ಲ, ಸರಿಯಾಗಿ ಹುಡುಕಿದ್ರಾ?"

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇಸ್ತ್ರಿಯಕ್ಕನೂ ನಕ್ಕಳು. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ ಅಲ್ಲೇ ಉಳಿಯಿತು.

ಪಂದ್ಯಕ್ಕೆ ಇನ್ನು ಕೆಲವೇ ದಿನ. ಬಟ್ಟೆ ಗಂಟು ಕೊಟ್ಟು ಬರುವಾಗ ಬಸ್ ನಿಲ್ದಾಣದ ಹತ್ತಿರ ಶಾಮಿಯಾನ ಹಾಕಿ, ಉಚಿತ ಯಕೃತ್ತಿನ ತಪಾಸಣೆ ಎಂದು ಬ್ಯಾನರು ಕಟ್ಟಿದ್ದು ಕಂಡಿತು. ಬೆರಳಿಗೆ ಒಂದು ಚುಚ್ಚು, ಒಂದು ಹನಿ ರಕ್ತ, ಸ್ವಲ್ಪ ಹೊತ್ತಿನಲ್ಲೇ ಉತ್ತರ. ಇಸ್ತ್ರಿಯಕ್ಕನ ಕಾಲು ತಾನಾಗಿಯೇ ಅತ್ತ ತಿರುಗಿತು. ಇನ್ನೊಂದು ಸಲ ನೋಡಿಬಿಟ್ಟರೆ ಮನಸ್ಸಿಗೆ ಸಮಾಧಾನ, ಅಷ್ಟೇ ತಾನೇ. ಅಲ್ಲಿದ್ದ ಹುಡುಗಿ ಹಿಂದೆ ಏನಾದರೂ ಈ ಕಾಯಿಲೆ ಇತ್ತಾ, ಔಷಧಿ ತಗೊಂಡಿದ್ದೀರಾ ಎಂದು ಕೇಳಿದಳು. ಬೀದಿಯ ಜನ ಸಾಲಿನಲ್ಲಿ ನಿಂತಿದ್ದರು. ಇಸ್ತ್ರಿಯಕ್ಕ ನಾಚಿಕೆಗೆ ಇಲ್ಲ ಎಂದುಬಿಟ್ಟಳು.

ರಕ್ತದ ಹನಿ ಹಾಕಿದ ಪುಟ್ಟ ಪಟ್ಟಿಯ ಮೇಲೆ ಎರಡು ಗೆರೆ ಬಂದವು. ಹುಡುಗಿ ದನಿ ತಗ್ಗಿಸಿ, ಗಾಬರಿ ಬೇಡ, ಆದರೆ ಎರಡು ಗೆರೆ ಅಂದರೆ ಹೆಪಟೈಟಿಸ್ ಸಿ ಇರಬಹುದು, ಆಸ್ಪತ್ರೆಗೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿ ಎಂದಳು. ಇಸ್ತ್ರಿಯಕ್ಕ ಹೇಗೆ ಮನೆ ಸೇರಿದಳೋ ಅವಳಿಗೇ ಗೊತ್ತಿಲ್ಲ.

ತನಗೆ ವಾಪಸು ಬಂದಿದೆ. ತನಗೆ ಬಂದಿದ್ದರೆ ಮಗಳಿಗೂ ಬಂದಿರಬೇಕು, ಒಂದೇ ರಕ್ತ. ಹೇಳಿದರೆ ಪಂದ್ಯ ನಿಂತುಹೋಗುತ್ತದೆ, ಹುಡುಗಿ ಮತ್ತೆ ಚೀಲಕ್ಕೆ ಗುದ್ದುತ್ತಾ ವರ್ಷ ಕಳೆಯಬೇಕು. ಹೇಳದಿದ್ದರೆ ಇನ್ನೊಬ್ಬರ ಮನೆಯ ಮಗಳ ಮುಖಕ್ಕೆ ಈ ರಕ್ತ ತಾಗುತ್ತದೆ. ತಾನು ವರ್ಷಗಟ್ಟಲೆ ರಿಂಗನ್ನು ಬೈದದ್ದು ಇದೇ ಮಾತಿಗಲ್ಲವೇ? ಇಸ್ತ್ರಿಯಕ್ಕ ತನ್ನ ಬ್ರಷ್ಷನ್ನು ಮತ್ತೆ ಬೇರೆ ಡಬ್ಬಿಗೆ ಹಾಕಿದಳು, ಚುಚ್ಚಿಸಿಕೊಂಡ ಬೆರಳಿಗೆ ಬಟ್ಟೆ ಸುತ್ತಿಕೊಂಡಳು, ಮಗಳು ಪಕ್ಕದಲ್ಲಿ ಕೂತರೆ ಏನೋ ನೆಪ ತೆಗೆದು ಎದ್ದು ಹೋದಳು. ಗುದ್ದಮ್ಮ ನೋಡಿದಳು, ನುಂಗಿಕೊಂಡಳು.

ಶುಕ್ರವಾರ ಸಂಜೆ ಹುಡುಗಿ ಬಾಚಣಿಗೆ ಹಿಡಿದು ಬಂದು, ಜಡೆ ಹೆಣೆದು ನೋಡು, ಹೊಸ ತಲೆಗವಚ ಬಿಗಿಯಿದೆ ಎಂದು ಕಾಲ ಬಳಿ ಕೂತಳು. ಇಸ್ತ್ರಿಯಕ್ಕ ಅಜ್ಜಿ ಹತ್ತಿರ ಹಾಕಿಸಿಕೋ ಎಂದಳು. ಮುದುಕಿಯ ಕೈ ನಡುಗುವುದು ಮನೆಗೆಲ್ಲ ಗೊತ್ತು. ಗುದ್ದಮ್ಮ ಎದ್ದು ನಿಂತಳು.

"ನಂಗೆ ಗೊತ್ತು ಬಿಡು. ಮೂರು ದಿನದಿಂದ ನೋಡ್ತಿದ್ದೀನಿ. ನಾನು ಮತ್ತೆ ಆಡೋದು ನಿಂಗೆ ಬೇಡ. ಹುಷಾರಾಗಿದ್ದೇ ಬೇಡವಾಗಿತ್ತು ನಿಂಗೆ."

"ಏನು ಮಾತೂಂತ ಆಡ್ತೀಯೇ?"

"ಮತ್ತೇನು? ಪಕ್ಕದಲ್ಲಿ ಕೂರಲ್ಲ, ತಲೆ ಮುಟ್ಟಲ್ಲ. ಒಂದು ಪಂದ್ಯಕ್ಕೆ ಬಂದಿದ್ದೀಯಾ ಇವತ್ತಿಗೆ?"

"ನಂಗೆ ವಾಪಸ್ ಬಂದಿದೆ ಕಣೇ." ಇಸ್ತ್ರಿಯಕ್ಕ ಗೋಡೆಗೆ ಒರಗಿದಳು. "ಬಸ್ ಸ್ಟ್ಯಾಂಡಲ್ಲಿ ನೋಡಿಸ್ದೆ. ಎರಡು ಗೆರೆ ಬಂತು."

ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಯಾರೂ ಏಳಲಿಲ್ಲ. ಒಂದು ಮಾತು ಕಡಿಮೆಯಾಗದಂತೆ ಎಲ್ಲವನ್ನೂ ಹೇಳಿಬಿಟ್ಟಳು ಇಸ್ತ್ರಿಯಕ್ಕ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಗುದ್ದಮ್ಮನ ದನಿ ಗಟ್ಟಿಯಾಗಿತ್ತು.

"ನಂಗೂ ಬಂದಿದ್ರೆ ನಾನು ಇಳಿಯಲ್ಲ. ಎದುರಿಗೆ ಆಡೋಳೂ ನನ್ನ ಥರಾನೇ ಕಾದಿರೋಳು. ನಡಿ, ಡಾಕ್ಟರ್ ಇನ್ನೂ ಇರ್ತಾರೆ."

ಆಮೇಲಿನದೆಲ್ಲ ಓಟ. ಆರಕ್ಕೆ ಡಾಕ್ಟರಮ್ಮ ಎದ್ದು ಹೋಗುತ್ತಾರೆ. ಬಸ್ಸು ತಪ್ಪಿತು, ಆಟೋದವನು ದಟ್ಟಣೆಯಲ್ಲಿ ಸಿಕ್ಕಿ ಹಾರ್ನು ಹೊಡೆಯುತ್ತಾ ಕೂತ. ಗುದ್ದಮ್ಮ ತಾಯಿಯ ಕೈ ಹಿಡಿದು ಇಳಿಸಿದವಳೇ ಗಾಡಿಗಳ ನಡುವೆ ನುಗ್ಗಿದಳು. ಇಸ್ತ್ರಿಯಕ್ಕ ಜೀವಮಾನದಲ್ಲಿ ಓಡಿದವಳಲ್ಲ. ಒಂದು ಚಪ್ಪಲಿ ಕಿತ್ತುಹೋಯಿತು, ಎರಡನ್ನೂ ಕೈಯಲ್ಲಿ ಹಿಡಿದು ಓಡಿದಳು. ಆಸ್ಪತ್ರೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಾ ನೀನು ಹೋಗೇ, ಹಿಡ್ಕೋ ಅವರನ್ನ ಎಂದಳು. ಮಗಳು ಎರಡೆರಡು ಮೆಟ್ಟಿಲು ಹಾರುತ್ತಾ ಹೋಗಿ, ಬ್ಯಾಗು ಹೆಗಲಿಗೆ ಹಾಕಿ ಕೋಣೆಗೆ ಬೀಗ ಹಾಕುತ್ತಿದ್ದ ಡಾಕ್ಟರಮ್ಮನ ಎದುರು ನಿಂತಳು.

ಇಸ್ತ್ರಿಯಕ್ಕ ಚಪ್ಪಲಿ ಹಿಡಿದುಕೊಂಡೇ ಮೇಲೆ ತಲುಪಿದಳು, ಉಸಿರು ಸಿಕ್ಕಷ್ಟು ಮಾತಿನಲ್ಲಿ ಎರಡು ಗೆರೆಯ ಕಥೆ ಹೇಳಿದಳು. ಡಾಕ್ಟರಮ್ಮ ಪೂರ್ತಿ ಕೇಳಿದರು. ಆಮೇಲೆ ತಮ್ಮ ತಲೆಗೆ ತಾವೇ ಒಮ್ಮೆ ತಟ್ಟಿಕೊಂಡರು.

"ಇದನ್ನ ನಾನು ಮೊದಲೇ ಹೇಳ್ಬೇಕಿತ್ತು. ಅಮ್ಮ, ಮನೆಗೆ ಕಳ್ಳ ನುಗ್ಗಿದ ಅಂತ ನೀವು ಕಾವಲುಗಾರರನ್ನ ಇಟ್ಕೊಂಡ್ರಿ ಅಂದ್ಕೊಳ್ಳಿ. ಕಳ್ಳನ್ನ ಓಡಿಸಿದ್ರಿ. ಆದ್ರೆ ಕಾವಲುಗಾರರು ಕೆಲಸ ಬಿಡಲ್ಲ, ಇನ್ನೂ ಗೇಟಲ್ಲೇ ಕೂತಿರ್ತಾರೆ. ಆ ಪಟ್ಟಿ ನೋಡೋದು ನಿಮ್ಮ ರಕ್ತದಲ್ಲಿರೋ ಆ ಕಾವಲುಗಾರರನ್ನ ಮಾತ್ರ. ಕಳ್ಳ ಇದ್ದಾನಾ ಇಲ್ವಾ ಅಂತ ಅದಕ್ಕೆ ಗೊತ್ತೇ ಆಗಲ್ಲ."

"ಮತ್ತೆ ಕಳ್ಳ?"

"ನಾವು ಕೊನೇಲಿ ಮಾಡಿದ್ದು ಕಳ್ಳನ್ನೇ ಹುಡುಕೋ ಪರೀಕ್ಷೆ. ಅವನಿಲ್ಲ. ನಿಮಗೂ ಇಲ್ಲ, ಇವಳಿಗೂ ಇಲ್ಲ. ಇನ್ನು ಎಷ್ಟು ವರ್ಷ ಬಿಟ್ಟು ಆ ಪಟ್ಟಿ ಹಾಕಿದ್ರೂ ಎರಡು ಗೆರೆ ಬರುತ್ತೆ. ಸಂಘದ ಡಾಕ್ಟರಿಗೂ ಇದು ಗೊತ್ತು."

ಇಸ್ತ್ರಿಯಕ್ಕ ಇನ್ನೊಂದು ಸಲ ಹೇಳಿ ಎಂದಳು. ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು. ಅವಳಿಗೆ ನಗು ಬಂತು, ಆ ನಗುವಿನ ಮಧ್ಯೆಯೇ ಅಳು ಬಂತು, ಮೂರು ದಿನದಿಂದ ಎದೆಯ ಮೇಲಿದ್ದ ಬಂಡೆ ಉರುಳಿದ ಸದ್ದು ತನಗೇ ಕೇಳಿದಂತಾಯಿತು. ಗುದ್ದಮ್ಮ ಡಾಕ್ಟರಮ್ಮನ ಬ್ಯಾಗು ತಾನೇ ಹೊತ್ತುಕೊಂಡು ಕೆಳಗಿನವರೆಗೆ ಬಂದಳು. ಮನೆಗೆ ಬಂದಾಗ ಕುಕ್ಕರಿನ ಬೇಳೆ ತಳ ಹಿಡಿದಿತ್ತು. ಗಂಡ ಲಿಫ್ಟಿನ ಗ್ರೀಸು ಮೆತ್ತಿದ ಕೈಯಲ್ಲೇ ಬಾಗಿಲಲ್ಲಿ ಕಾದು ನಿಂತಿದ್ದ. ಸೀದ ಬೇಳೆಯನ್ನು ನಾಲ್ವರೂ ಚಪ್ಪರಿಸಿ ತಿಂದರು. ಊಟವಾದ ಮೇಲೆ ಇಸ್ತ್ರಿಯಕ್ಕ ಮಗಳನ್ನು ಕಾಲ ಬಳಿ ಕೂರಿಸಿಕೊಂಡು ಜಡೆ ಹೆಣೆದಳು, ಭಾನುವಾರ ನಾನೂ ಬರ್ತೀನಿ ಎಂದು ಯಾರನ್ನೂ ನೋಡದೆ ಹೇಳಿದಳು. ಮುದುಕಿ ಕೆಮ್ಮಿದಳು, ಅಷ್ಟೇ.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಇಸ್ತ್ರಿಯಕ್ಕ ಹೊಸದಾಗಿ ಗರಿ ಮುರಿದ ಬಿಳಿ ಸೀರೆ ಉಟ್ಟು, ಗಂಡ ಮತ್ತು ಅತ್ತೆಯ ನಡುವೆ, ರಿಂಗಿಗೆ ತೀರ ಹತ್ತಿರ ಕೂತಿದ್ದಳು. ಮೊದಲ ಸುತ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದಳು, ಮುದುಕಿ ಪಕ್ಕೆಗೆ ತಿವಿದು ತಿವಿದು ತೆರೆಸಿದಳು. ಎದುರಾಳಿ ಎತ್ತರದವಳು, ತೋಳು ಉದ್ದ, ದೂರದಿಂದಲೇ ಬಾರಿಸುತ್ತಿದ್ದಳು. ಗುದ್ದಮ್ಮ ಒಳಗೆ ನುಗ್ಗಿ ನುಗ್ಗಿ ಪಕ್ಕೆಗೆ ಕೊಡುತ್ತಿದ್ದಳು. ಯಾರು ಮುಂದೆ ಎಂದು ಹೇಳುವಂತಿರಲಿಲ್ಲ.

ಎರಡನೇ ಸುತ್ತಿನಲ್ಲಿ ಆ ಉದ್ದ ತೋಳು ನೇರವಾಗಿ ಬಂದು ಮೂಗಿಗೆ ಬಿತ್ತು. ಗುದ್ದಮ್ಮನ ಮೂಗಿನಿಂದ ರಕ್ತ ಇಳಿಯಿತು. ಎದುರಾಳಿಯ ತೋಳಿನ ಮೇಲೂ ಆ ರಕ್ತದ ಒಂದು ಗೆರೆ ಹತ್ತಿತು.

ಇಸ್ತ್ರಿಯಕ್ಕನಿಗೆ ತಾನು ಎದ್ದು ನಿಂತದ್ದೇ ತಿಳಿಯಲಿಲ್ಲ. ಇಷ್ಟು ತಿಂಗಳು ಆ ಒಂದು ಹನಿಗೆ ಹೆದರಿ ಹೆದರಿ ಬದುಕಿದ ಮೈ ಅದು, ತಾನಾಗಿಯೇ ನಡುಗಿತು. ರೆಫರಿ ಆಟ ನಿಲ್ಲಿಸಿದ. ರಿಂಗಿನ ಡಾಕ್ಟರು ಬಂದು ಹತ್ತಿ ಒತ್ತಿ, ಮೂಗು ಮುಟ್ಟಿ ನೋಡಿ, ಏನೂ ಆಗಿಲ್ಲ ಎಂಬಂತೆ ಕೈಯಾಡಿಸಿ ಇಳಿದು ಹೋದರು. ಎದುರಾಳಿಯ ತೋಳನ್ನು ಒರೆಸಿದರು, ಅಷ್ಟೇ. ಯಾರೂ ಗಾಬರಿಯಾಗಲಿಲ್ಲ, ಯಾರೂ ಹಿಂದೆ ಸರಿಯಲಿಲ್ಲ. ಎಲ್ಲ ಹುಡುಗಿಯರಿಗೂ ಬರುವಂಥ ರಕ್ತ, ಎಲ್ಲರಿಗೂ ಒರೆಸುವಂತೆ ಒರೆಸಿದರು. ಇಸ್ತ್ರಿಯಕ್ಕನ ಮೈಯ ನಡುಕ ಬಿಟ್ಟುಹೋಯಿತು, ಅದರ ಜಾಗಕ್ಕೆ ಏನೋ ಒಂದು ಹುರುಪು ಅಂಗಾಲಿನಿಂದ ನೆತ್ತಿಗೇರಿತು.

"ನೋಡ್ತಾ ನಿಂತ್ಯಾ?" ಎಂದು ಕೂಗಿದಳು ಅವಳು. "ಎಡಗೈ ಇಳಿಸ್ಬೇಡ್ವೇ! ಹಿತ್ತಲಲ್ಲೂ ಹಿಂಗೇ ಇಳಿಸ್ತೀಯ!"

ಗಂಡ ಬಾಯಿ ಬಿಟ್ಟುಕೊಂಡು ಹೆಂಡತಿಯನ್ನು ನೋಡಿದ. ರಿಂಗಿನೊಳಗೆ ಗುದ್ದಮ್ಮನ ಎಡಗೈ ಮೇಲೇರಿತು.

ಮೂರನೇ ಸುತ್ತಿನಲ್ಲಿ ಎಡಗೈ ಇಳಿಯಲೇ ಇಲ್ಲ. ಉದ್ದ ತೋಳು ಬಂದಾಗೆಲ್ಲ ಅದಕ್ಕೆ ತಡೆಯಾಗಿ, ಅದರ ಬೆನ್ನಿಗೇ ಬಲಗೈ ಒಳಗೆ ಹೋಯಿತು. ಗಂಟೆ ಹೊಡೆಯುವ ಹೊತ್ತಿಗೆ ಇಸ್ತ್ರಿಯಕ್ಕನ ಗಂಟಲು ಬಿದ್ದುಹೋಗಿತ್ತು. ರೆಫರಿ ಇಬ್ಬರ ಕೈಯನ್ನೂ ಹಿಡಿದು ನಿಂತ, ತೀರ್ಪು ಹೇಳಿದರು, ಮೇಲೆ ಹೋದದ್ದು ಗುದ್ದಮ್ಮನ ಕೈ.

ಹುಡುಗಿ ಹಗ್ಗದಡಿ ನುಸುಳಿ ಓಡಿ ಬಂದಳು. ಮೂಗಿಗೆ ತುರುಕಿದ ಹತ್ತಿ ಬಿದ್ದುಹೋಗಿ ಮತ್ತೆ ರಕ್ತ ಇಳಿಯುತ್ತಿತ್ತು, ತುಟಿ, ಗಲ್ಲ ಎಲ್ಲ ಮೆತ್ತಿಕೊಂಡಿತ್ತು. ತಾಯಿಯ ಎದುರು ಬಂದವಳು, ತಿಂಗಳುಗಟ್ಟಲೆ ತನ್ನ ರಕ್ತಕ್ಕೆ ಹೆದರಿ ರೂಢಿಯಾದ ಹಾಗೆ, ಒಂದು ಮೊಳ ದೂರದಲ್ಲಿ ಗಕ್ಕನೆ ನಿಂತುಬಿಟ್ಟಳು. ಇಸ್ತ್ರಿಯಕ್ಕ ಅವಳ ಕುತ್ತಿಗೆಗೆ ಕೈ ಹಾಕಿ ಎಳೆದುಕೊಂಡಳು. ಆ ಮುಖ ಪೂರ್ತಿ ಅವಳ ಹೆಗಲ ಮೇಲೆ ಬಿತ್ತು, ಬಿಳಿ ಸೀರೆಯ ಮೇಲೆ ಅಂಗೈಯಗಲ ಕೆಂಪಾಯಿತು. ಮುದುಕಿ, ಸೀರೆ ಹೋಯ್ತಲ್ಲೇ, ಇವತ್ತು ತಾನೇ ಗರಿ ಮುರಿದಿದ್ದು ಎಂದು ಸೆರಗು ಎಳೆಯಲು ಬಂದಳು.

ಇಸ್ತ್ರಿಯಕ್ಕ ಮಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಬಿಡಿ ಅತ್ತೆ. ರಕ್ತ ತಾನೇ. ತಣ್ಣೀರಲ್ಲಿ ನೆನೆಸಿದ್ರೆ ಹೋಗುತ್ತೆ."